ನಡುವಿನ ಪಗಡಿ, ಹಳೆಯ ಪ್ರೋಗ್ರಾಮು

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲದಲ್ಲಿ ನಮ್ಮ ಪಕ್ಕದ ಮನೆಯ ಚಾಚಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಅವರು ಹುಬ್ಬಳ್ಳಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ನಾನು ನೋಡಲು ಹೋದೆ. ನೋವಿನ ಸುದ್ದಿಯನ್ನೇ ಅವರು ಎತ್ತಲಿಲ್ಲ. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಟ್ಟುಕೊಂಡು ಮಗ್ಗದ ಕಡೆ ಗದ್ದ ತಿರುವಿದರು.

“ಜಮಖಾನಿ ನಡು ಹಂಗ ಉಳೀತು ನೋಡವಾ.”

ಮಗ್ಗದ ಮೇಲೆ ಒಂದು ದೊಡ್ಡ ಜಮಖಾನಿ ಇತ್ತು. ನವಲಗುಂದದ ನಮ್ಮ ಓಣಿಯಲ್ಲಿ ಇದು ಹೆಂಗಸರ ಕೆಲಸ. ಮಗ್ಗ ಗೋಡೆಗೆ ಆನಿಸಿದಂತೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಹಲಗೆಯ ಮೇಲೆ ಕೂತು, ಬಣ್ಣದ ನೂಲನ್ನು ಬೆರಳಿನಿಂದಲೇ ಎಳೆಗಳ ನಡುವೆ ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸುತ್ತಾ ಕೆಳಗಿನಿಂದ ಮೇಲಕ್ಕೆ ಹೋಗುತ್ತಾರೆ. ಈ ಜಮಖಾನಿಯನ್ನು ನೇಯಲು ಹೇಳಿದವರು ಶಲವಡಿಯ ಒಂದು ಮನೆಯವರು. ಅವರ ಮನೆಯಲ್ಲಿ ಚಾಚಿಯ ಅತ್ತೆ ನೇಯ್ದು ಕೊಟ್ಟ ಹಳೆಯದೊಂದಿತ್ತು, ನಡುವೆ ಪಗಡಿ, ಅಂದರೆ ಪಗಡೆಯಾಟದ ನಾಲ್ಕು ಕೈಗಳ ಪಟ್ಟ, ಇದ್ದದ್ದು. ಅದು ಸವೆದು ಹೋಗಿದ್ದರಿಂದ ಅಂಥದ್ದೇ ಇನ್ನೊಂದು ಬೇಕೆಂದಿದ್ದರು. ಕೆಳಗಿನ ಅಂಚು ಮುಗಿದಿತ್ತು, ನವಿಲುಗಳು ಮುಗಿದಿದ್ದವು. ಪಗಡಿ ಶುರುವಾಗುವ ಜಾಗದಲ್ಲಿ ಬರೀ ಬಿಳಿಯ ಎಳೆಗಳು ನಿಂತಿದ್ದವು.

ಅಂಚನ್ನೂ ನವಿಲುಗಳನ್ನೂ ನೇಯ್ದವಳು ಚಾಚಿಯ ಸೊಸೆ. ಸಂಶಿಯಿಂದ ಮದುವೆಯಾಗಿ ಬಂದವಳು, ನನಗಿಂತ ಚಿಕ್ಕವಳು. ಬಂದ ಮೇಲೆಯೇ ಮಗ್ಗ ಕಲಿತದ್ದು. ಈ ಓಣಿಯಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಕಲಿತರೆ ವಿದ್ಯೆ ಅವಳ ಜೊತೆ ಇನ್ನೊಂದು ಮನೆಗೆ ಹೋಗುತ್ತದೆ ಎಂಬ ಲೆಕ್ಕ. ಚಾಚಿಯ ಸ್ವಂತ ಹೆಣ್ಣುಮಕ್ಕಳು ಆ ಹಲಗೆಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಪಗಡಿಯನ್ನು ಮಾತ್ರ ಅತ್ತೆ ಬಾಜುವಿನಲ್ಲಿ ಕೂತು ಕೈ ಹಿಡಿದು ಕಲಿಸಬೇಕು. ಅದಕ್ಕೆ ಸರಿಯಾಗಿ ಕೈ ಮುರಿದಿತ್ತು.

“ನೀವು ಬಾಯಿಲೆ ಹೇಳ್ರಿ ಚಾಚಿ, ಆಕಿ ನೇಯ್ತಾಳ,” ಎಂದೆ.

“ಹೇಳೂದಾಗಿದ್ರ ನಿನ್ನ ದಾರಿ ಕಾಯ್ತಿದ್ದೆನೇನ?”

ಅವರು ಪ್ರಯತ್ನಿಸಿ ನೋಡಿದ್ದರಂತೆ. ನನ್ನೆದುರಿಗೂ ಒಮ್ಮೆ ಕಣ್ಣು ಮುಚ್ಚಿ, ಎಡಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಾ, “ಕೆಂಪು, ಕೆಂಪು, ಬಿಟ್ಟು ಹಳದಿ...” ಎಂದು ಶುರುಮಾಡಿದರು. ಸ್ವಲ್ಪ ದೂರ ಹೋಗಿ ನಿಂತುಬಿಟ್ಟರು. ಅದು ಅವರ ಬಲಗೈಗೆ ಗೊತ್ತಿದ್ದ ವಿಷಯ. ಕೈ ಆಡದೆ ಬಾಯಿಗೆ ಬರುತ್ತಿರಲಿಲ್ಲ.

ಆ ಪಗಡಿ ಗೊತ್ತಿದ್ದ ಇನ್ನೊಬ್ಬರು ಊರಲ್ಲಿದ್ದರು. ಹಿಂದಿನ ಸಂದಿಯಲ್ಲಿರುವ ಚಾಚಿಯ ನೆಗೆಣ್ಣಿ, ಭಾವನ ಹೆಂಡತಿ. ಇಬ್ಬರೂ ಒಂದೇ ಅತ್ತೆಯ ಕೈಯಲ್ಲಿ ಕಲಿತವರು. ಮನೆ ಬೇರೆಯಾದ ಮೇಲೆ ಮಾತೂ ಕಡಿಮೆಯಾಗಿತ್ತು. ಕರೆದರೆ ಅವರು ಬರುತ್ತಿದ್ದರು, ಆ ಮಾತು ಬೇರೆ. ಆದರೆ ನಡು ತುಂಬಿದವರದೇ ಜಮಖಾನಿ ಎಂದು ಇಲ್ಲಿಯ ರೂಢಿ. ಅಂಚು ಯಾರಾದರೂ ನೇಯಲಿ, ನವಿಲು ಯಾರಾದರೂ ನೇಯಲಿ, ನಡು ಯಾರದೋ ಹೆಸರು ಅವರದು. ಮುಂದೆ ಶಲವಡಿಯವರು ಹೇಳಿಕಳಿಸುವುದೂ ಅವರ ಮನೆಗೇ. ಸೊಸೆ ಇಷ್ಟು ದಿನ ಬೆನ್ನು ಬಗ್ಗಿಸಿ ಮಾಡಿದ್ದು ಅಂಚಿನ ಕೆಲಸವಾಗಿ ಉಳಿಯುತ್ತಿತ್ತು.

“ಅಂಚಿನ ಸೊಸಿ ಅಂತಾರ ನನ್ನ,” ಎಂದಳು ಸೊಸೆ. ನಗುತ್ತಲೇ ಹೇಳಿದಳು. ಆದರೆ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಸುಮ್ಮನೆ ಬಿಚ್ಚಿ ಸುತ್ತುತ್ತಿದ್ದಳು.

ಚಾಚಿ ನನ್ನ ದಾರಿ ಕಾದದ್ದಕ್ಕೆ ಕಾರಣವಿತ್ತು. ಆ ಪಗಡಿಯನ್ನು ನಾನು ಒಮ್ಮೆ ಕಂಪ್ಯೂಟರಿನಲ್ಲಿ ಬರೆದಿದ್ದೆ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ಇಲ್ಲಿಯ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದೆ. ಹಳೆಯ ಜಮಖಾನಿಗಳ ವಿನ್ಯಾಸವನ್ನು ಚೌಕುಳಿಗಳಲ್ಲಿ ತುಂಬಿ ಇಡುವುದು ನನ್ನ ಕೆಲಸ. ಅದಕ್ಕಾಗಿಯೇ ಇದ್ದ ಒಂದು ಪ್ರೋಗ್ರಾಮು ಅಲ್ಲಿತ್ತು. ಆಗಲೇ ಅದು ಬಹಳ ಹಳೆಯದಾಗಿತ್ತು, ಅದು ಇದ್ದ ಕಂಪ್ಯೂಟರೂ ಹಾಗೆಯೇ. ಚಾಚಿ ಮಧ್ಯಾಹ್ನ ಬಂದು ನನ್ನ ಬಾಜುವಿನಲ್ಲಿ ಕೂತು, ಮೇಜಿನ ತುದಿಯನ್ನೇ ಮಗ್ಗ ಮಾಡಿಕೊಂಡು, ಬೆರಳಾಡಿಸುತ್ತಾ ಬಣ್ಣ ಹೇಳುತ್ತಿದ್ದರು. ನೇಯುವುದು ಕೆಳಗಿನಿಂದಾದ್ದರಿಂದ ಹೇಳುವುದೂ ಕೆಳಗಿನಿಂದ. ನಾನೂ ಪರದೆಯ ತಳದಿಂದ ಚೌಕುಳಿ ತುಂಬುತ್ತಿದ್ದೆ. ಮಗಳಿಗೆ ಕಲಿಸದ್ದನ್ನು ನನಗೆ ಹೇಗೆ ಹೇಳುತ್ತೀರಿ ಎಂದು ಒಮ್ಮೆ ಕೇಳಿದಾಗ, “ನೀ ನನ್ನ ಮಗಳೂ ಅಲ್ಲ, ಸೊಸಿನೂ ಅಲ್ಲ. ನಿನಗ ಪಂಜಾ ಹಿಡಿಯಾಕ ಬರತೈತೇನ? ಗೋಡಿಗೆ ಹೇಳಿದಂಗ,” ಎಂದಿದ್ದರು. ನನಗೆ ಆ ಉತ್ತರ ಇಷ್ಟವಾಗಿತ್ತು. ಗೋಡೆಯಾಗಿರುವುದು ನನಗೆ ಕಷ್ಟವಲ್ಲ.

ಕೇಂದ್ರ ಮುಚ್ಚಿದಾಗ ಆ ಕಂಪ್ಯೂಟರನ್ನು ನಾನೇ ತಂದು ಮನೆಯಲ್ಲಿ ಇಟ್ಟುಕೊಂಡೆ. ಈ ಸಲದ ಮುಂಗಾರಿನ ಸಿಡಿಲಿಗೆ ಅದು ಸತ್ತಿತ್ತು. ಹುಬ್ಬಳ್ಳಿಯ ರಿಪೇರಿ ಅಂಗಡಿಯವನು ಒಳಗಿನ ಹಾರ್ಡ್ ಡಿಸ್ಕ್ ಬದುಕಿದೆ ಎಂದು ಹೇಳಿ, ಅದರಲ್ಲಿದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಅದು ನನ್ನ ಕಪಾಟಿನಲ್ಲಿತ್ತು. ಬಳಿಕ ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೆ. ಪಗಡಿಯ ಫೈಲು ಪೆನ್‌ಡ್ರೈವಿನಲ್ಲಿತ್ತು. ಅದನ್ನು ತೆರೆಯುವ ಪ್ರೋಗ್ರಾಮು ಮಾತ್ರ ಹೊಸ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಮನೆಗೆ ಹೋದೆ. ಹೋಗುವ ಮುಂಚೆ ಪರದೆಯ ಮೇಲಿದ್ದ ನನ್ನ ಫೈಲುಗಳನ್ನೆಲ್ಲ ಒಂದು ಫೋಲ್ಡರಿನೊಳಗೆ ಸರಿಸಿದೆ. ನನ್ನ ಪರದೆಯನ್ನು ಬೇರೆಯವರು ನೋಡುವುದು ನನಗೆ ಆಗದು. ಚಾಚಿ ಒಂದು ಕಡೆ, ಸೊಸೆ ಒಂದು ಕಡೆ ಒತ್ತಿ ಕೂತರು.

ಪ್ರೋಗ್ರಾಮಿನ ಸಿ.ಡಿ.ಯ ಪ್ರತಿಯೂ ಪೆನ್‌ಡ್ರೈವಿನಲ್ಲಿತ್ತು. ಅದರಿಂದ ಇನ್‌ಸ್ಟಾಲ್ ಮಾಡಲು ಹೋದೆ. ಇದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂದು ಒಂದು ನೀಲಿ ಪಟ್ಟಿ ಬಂತು. ಮೌಸಿನ ಬಲಗಡೆಯ ಗುಂಡಿ ಒತ್ತಿ, ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದಂತೆ ನಟಿಸು ಎಂದು ಹೇಳುವ ಒಂದು ಏರ್ಪಾಡಿದೆ. ಅದನ್ನು ಹಚ್ಚಿ ನೋಡಿದೆ. ಅದೇ ಪಟ್ಟಿ.

“ಏನಂತ?” ಎಂದರು ಚಾಚಿ.

“ಆಗೂದಿಲ್ಲ ಅಂತೈತ್ರಿ.”

“ಸೊಕ್ಕು. ಹೊಸಾದಲ್ಲ.”

“ಅಮ್ಮೀ, ಸುಮ್ನಿರ್ರಿ, ಅಕ್ಕಾರ ಮಾಡ್ತಾರ,” ಎಂದಳು ಸೊಸೆ.

ಹಿಂದಿನ ರಾತ್ರಿಯೇ ಮನೆಯಲ್ಲಿ ಇದನ್ನೆಲ್ಲ ಒಮ್ಮೆ ಮಾಡಿ ನೋಡಿ ಬರಬೇಕಿತ್ತು ಎನಿಸಿತು. ಚಾಚಿ ಸೊಸೆಗೆ ಉರ್ದುವಿನಲ್ಲಿ ಏನೋ ಹೇಳಿದರು. ಅವರಿಬ್ಬರೇ ಇದ್ದಾಗ ಉರ್ದು, ನಾನಿದ್ದಾಗ ಕನ್ನಡ. ನನ್ನೆದುರಿಗೆ ಉರ್ದು ಬಂದರೆ ಅದು ನನಗಲ್ಲದ ಮಾತು. ಆದರೂ ನೆಗೆಣ್ಣಿಯ ಮಾತು ಬಂದದ್ದು ಗೊತ್ತಾಯಿತು. ಸೊಸೆ ಲ್ಯಾಪ್‌ಟಾಪನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು.

ಆಗ ಒಂದು ವಿಷಯ ಹೊಳೆಯಿತು. ಆ ಕಾಲದ ಪ್ರೋಗ್ರಾಮುಗಳಲ್ಲಿ ಇನ್‌ಸ್ಟಾಲ್ ಮಾಡುವ ಭಾಗ ಒಂದು ಪೀಳಿಗೆಯದು, ಪ್ರೋಗ್ರಾಮು ಅದಕ್ಕಿಂತ ಹೊಸ ಪೀಳಿಗೆಯದು ಆಗಿರುವುದುಂಟು. ಬಾಗಿಲಲ್ಲಿ ಕೂತ ಮುದುಕ ಬರಲೊಲ್ಲೆ ಎಂದರೆ ಒಳಗಿನವರೂ ಬರುವುದಿಲ್ಲ ಎಂದಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅದು ಆಗಲೇ ಇನ್‌ಸ್ಟಾಲ್ ಆಗಿ ಕೂತಿತ್ತು. ಆ ಪೂರ್ತಿ ಫೋಲ್ಡರೂ ಪೆನ್‌ಡ್ರೈವಿಗೆ ಬಂದಿತ್ತು. ಅದನ್ನು ಹಾಗೆಯೇ ಲ್ಯಾಪ್‌ಟಾಪಿಗೆ ನಕಲು ಮಾಡಿ, ನೇರವಾಗಿ ಪ್ರೋಗ್ರಾಮಿನ ಮೇಲೆಯೇ ಒತ್ತಿದೆ. ಯಾವುದೋ ಒಂದು ಸಹಾಯಕ ಫೈಲು ಸಿಗಲಿಲ್ಲ ಎಂದಿತು. ಅದು ಹಳೆಯ ಸಿಸ್ಟಮಿನ ಫೋಲ್ಡರಿನಲ್ಲಿತ್ತು. ತಂದು ಬಾಜುವಿನಲ್ಲಿ ಇಟ್ಟೆ. ಮತ್ತೆ ಒತ್ತಿದೆ.

ಬೂದುಬಣ್ಣದ ಆ ಹಳೆಯ ಕಿಟಕಿ ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ತೆರೆದುಕೊಂಡಿತು.

“ಬಂತ್ರಿ,” ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಸೊಸೆ ನನ್ನ ಭುಜ ಹಿಡಿದು ಅಲುಗಿಸಿದಳು. ಪಗಡಿಯ ಫೈಲನ್ನು ಹುಡುಕಿ ತೆರೆದೆ.

ತೆರೆದದ್ದು ಪಗಡಿಯೇ. ನಾಲ್ಕು ಕೈಗಳಿದ್ದವು, ನಡುವಿನ ಮನೆಯಿತ್ತು, ಒಂದು ಚೌಕುಳಿಯೂ ಆಚೀಚೆ ಆಗಿರಲಿಲ್ಲ. ಬಣ್ಣಗಳು ಮಾತ್ರ ಕೆಟ್ಟಿದ್ದವು. ಕೆಂಪು ಇರಬೇಕಾದಲ್ಲಿ ಪಾಚಿಹಸಿರು, ಹಳದಿಯ ಜಾಗದಲ್ಲಿ ನೇರಳೆ, ಕರಿಯ ಜಾಗದಲ್ಲಿ ಹೊಳೆಯುವ ಗುಲಾಬಿ.

ಇದು ಪ್ರೋಗ್ರಾಮಿನ ವಯಸ್ಸಿನ ತೊಂದರೆ ಎಂದು ನನಗೆ ಅಂದಾಜಾಯಿತು. ಅದು ಬರೆಯಲ್ಪಟ್ಟ ಕಾಲದಲ್ಲಿ ಪರದೆಗಳು ತೋರಿಸಬಲ್ಲ ಬಣ್ಣಗಳೇ ಕಡಿಮೆ. ಫೈಲಿನಲ್ಲಿ ಪ್ರತಿ ಚೌಕುಳಿಗೂ ಬಣ್ಣ ಇರುವುದಿಲ್ಲ, ಬಣ್ಣದ ಒಂದು ಅಂಕಿ ಇರುತ್ತದೆ. ಯಾವ ಅಂಕಿಗೆ ಯಾವ ಬಣ್ಣ ಎಂದು ಪ್ರೋಗ್ರಾಮು ಪರದೆಗೆ ಹೇಳುತ್ತದೆ. ಹೊಸ ಸಿಸ್ಟಮು ಆ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ತನಗೆ ತೋಚಿದ್ದನ್ನು ಹಚ್ಚುತ್ತದೆ. ಇದನ್ನು ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ.

ಚಾಚಿ ಪರದೆಯನ್ನೇ ನೋಡುತ್ತಿದ್ದರು. ನಾಲ್ಕು ಕೈಗಳ ತುದಿಯನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಅದಕ್ಕ ಹೆಂಗ ಗೊತ್ತಾತು?”

“ಏನ್ರಿ?”

“ನಾ ಸುಳ್ಳ ಹೇಳಿದ್ದು.”

ಸೊಸೆ ಅತ್ತೆಯ ಮುಖ ನೋಡಿದಳು. ನಾನು ಮೌಸಿನಿಂದ ಕೈ ತೆಗೆದೆ.

“ಆವಾಗ ನೀ ಆ ಸೆಂಟರಿನಾಗ ಇದ್ದೆಲ್ಲ. ಅಲ್ಲಿ ಯಾರ್ಯಾರೋ ಬರತಿದ್ರು, ಹೋಗತಿದ್ರು. ನಮ್ಮತ್ತಿ ಪಗಡಿ ಹಿಂಗ ಗೋಡಿಗೆ ಹಚ್ಚಿಬಿಟ್ರ ಹೆಂಗ ಅಂತ... ಕೈಗಳಾಗ ಕರೀದು ಇರೋ ಕಡೆ ಹಳದಿ ಹೇಳಿದೆ, ಹಳದಿ ಇರೋ ಕಡೆ ಕರೀದು ಹೇಳಿದೆ. ನಾಲ್ಕೂ ಕೈಯಾಗ. ನಡುವಿನ ಮನಿ ಖರೇನ ಐತಿ.”

“ಯಾ ಅಲ್ಲಾ,” ಎಂದಳು ಸೊಸೆ.

“ಈಗ ಮಷೀನು ಬಣ್ಣಾ ಉಗುಳೈತಿ ನೋಡು. ಸುಳ್ಳ ಹೊಟ್ಯಾಗ ನಿಲ್ಲಂಗಿಲ್ಲ.”

ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಆದರೆ ತಡೆಯಲಾಗಲಿಲ್ಲ. ಚಾಚಿ ಮೊದಲು ಸಿಟ್ಟಾದರು. “ನಗ್ತಿ? ನಿನ್ನ ಮುಂದ ಸುಳ್ಳ ಹೇಳೇನಿ ಅಂತ ನಾ ಸಾಯಾಕ್ಹತ್ತೇನಿ, ನಗ್ತಿ!” ಎಂದರು. ಆಮೇಲೆ ಸೊಸೆಯೂ ನಕ್ಕಳು, ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅವರೂ ನಕ್ಕರು.

ಬಣ್ಣ ಕೆಟ್ಟದ್ದಕ್ಕೂ ಅವರ ಸುಳ್ಳಿಗೂ ಸಂಬಂಧವಿಲ್ಲ ಎಂದು ಹೇಳಿದೆ. ಅವರು ಅರ್ಧವನ್ನು ನಂಬಿದರು. ನಾನು ಆಗ ಯೋಚಿಸುತ್ತಿದ್ದದ್ದು ಬೇರೆ. ಬಣ್ಣಗಳು ಸರಿಯಾಗಿಯೇ ಬಂದಿದ್ದರೆ ಅವರು ಹೇಳುತ್ತಿದ್ದರೇ? ಕೇಳಿದೆ ಕೂಡ.

“ಮರ್ತಿದ್ದೆ ಬಿಡು,” ಎಂದರು ಚಾಚಿ. ಮರೆತಿದ್ದರೋ, ಸೊಸೆಗೆ ಆಮೇಲೆ ಗುಟ್ಟಾಗಿ ಹೇಳುವವರಿದ್ದರೋ, ನನಗೆ ಗೊತ್ತಿಲ್ಲ. ಮತ್ತೆ ಕೇಳಲಿಲ್ಲ. ಹಳೆಯ ಸುಳ್ಳು ಹೊರಗೆ ಬಂದಿತ್ತು, ಅದು ಮಗ್ಗದ ಮೇಲೆ ಇನ್ನೂ ಏರಿರಲಿಲ್ಲ. ಅಷ್ಟು ಸಾಕೆನಿಸಿತು.

ಬಣ್ಣದ ಪರಿಹಾರ ಅದೇ ಬಲಗಡೆಯ ಗುಂಡಿಯಲ್ಲಿ ಸಿಕ್ಕಿತು. ಹಳೆಯ ಸಿಸ್ಟಮಿನಂತೆ ನಟಿಸು ಎನ್ನುವ ಪುಟದಲ್ಲಿಯೇ ಕೆಳಗೆ, ಬಣ್ಣಗಳನ್ನು ಕಡಿಮೆ ಮಾಡು ಎಂಬ ಒಂದು ಸಾಲಿತ್ತು. ಟಿಕ್ ಹಾಕಿ, ಪ್ರೋಗ್ರಾಮನ್ನು ಮುಚ್ಚಿ ತೆರೆದೆ. ಲ್ಯಾಪ್‌ಟಾಪಿನ ಉಳಿದ ಪರದೆ ಹಾಗೆಯೇ ಇತ್ತು. ಆ ಚಿಕ್ಕ ಕಿಟಕಿಯೊಳಗೆ ಮಾತ್ರ ಕೆಂಪು ಕೆಂಪಾಯಿತು, ಹಸಿರು ಹಸಿರಾಯಿತು. ಇಷ್ಟೆಲ್ಲ ಸಾಮರ್ಥ್ಯ ಇರುವ ಯಂತ್ರಕ್ಕೆ ಸ್ವಲ್ಪ ಕಡಿಮೆ ನೋಡು ಎಂದು ಹೇಳಬೇಕಾಗಿತ್ತು, ಅಷ್ಟೇ.

“ಇದು ಖರೇ ಬಣ್ಣ. ಇದು ನಾ ಹೇಳಿದ ಸುಳ್ಳ,” ಎಂದರು ಚಾಚಿ, ಎಡಗೈಯಿಂದ ಮೊದಲು ನಡುವಿನ ಮನೆಯನ್ನು, ಆಮೇಲೆ ಪಗಡಿಯ ಕೈಗಳನ್ನು ತೋರಿಸಿ.

ಆ ಪ್ರೋಗ್ರಾಮಿನಲ್ಲಿ ಒಂದು ಜಾಗವನ್ನು ಗುರುತು ಹಾಕಿ ಅದರೊಳಗಿನ ಎರಡು ಬಣ್ಣಗಳನ್ನು ಅದಲು ಬದಲು ಮಾಡುವ ಸೌಕರ್ಯವಿತ್ತು. ಒಂದು ಕೈಗೆ ಗುರುತು ಹಾಕಿದೆ. ಕರಿ ಹಳದಿಯಾಯಿತು, ಹಳದಿ ಕರಿಯಾಯಿತು. ಚಾಚಿ “ಹಾಂ” ಎಂದರು. ಎರಡನೆಯದಕ್ಕೂ “ಹಾಂ.” ಸೊಸೆ ಮೂರನೆಯದಕ್ಕೆ ತಾನೇ ಮೌಸ್ ಹಿಡಿಯುತ್ತೇನೆಂದಳು. ನಾಲ್ಕನೆಯದನ್ನೂ ಅವಳೇ ಮಾಡಿದಳು. ಎಲ್ಲ ಮುಗಿದಾಗ ಪಗಡಿ ನಾನು ಇಷ್ಟು ವರ್ಷ ನೋಡಿದ್ದಕ್ಕಿಂತ ಹಗುರವಾಗಿ ಕಂಡಿತು. ಮೊದಲು ಕೈಗಳ ಅಂಚೆಲ್ಲ ಹಳದಿಯಾಗಿದ್ದು ಒಳಗೆ ಕರಿ ತುಂಬಿಕೊಂಡಿತ್ತು. ಈಗ ಕರಿ ಗೆರೆಯೊಳಗೆ ಹಳದಿ ಕೂತಿತ್ತು. ಆವಾಗಲೇ ಸಂಶಯ ಬರಬೇಕಿತ್ತು ನನಗೆ. ಗೋಡೆಗೆ ಸಂಶಯ ಬರುವುದಿಲ್ಲವೇನೋ.

“ಹಳೇದ ಅಳಿಸ್ಲಿ?” ಎಂದು ಕೇಳಿದೆ.

“ಇರ್ಲಿ ಬಿಡು. ಯಾರರ ಕೇಳಾಕ ಬಂದ್ರ ಅದನ್ನ ಕೊಡು.”

ಎರಡನ್ನೂ ಬೇರೆ ಬೇರೆಯಾಗಿ ಉಳಿಸಿದೆ.

ಇನ್ನು ಪ್ರಿಂಟ್ ತೆಗೆಯಬೇಕಿತ್ತು. ಹಳೆಯ ಪ್ರೋಗ್ರಾಮಿಗೆ ಈಗಿನ ಯಾವ ಪ್ರಿಂಟರಿನ ಗುರುತೂ ಸಿಗುವುದಿಲ್ಲ. ಪರದೆಯ ಫೋಟೋ ತೆಗೆದು ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸೋಣ ಎಂದೆ. ಚಾಚಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

“ಝೆರಾಕ್ಸ್ ಅಂಗಡಿಗೆ? ಅದರ ಬದಲಿ ಡಂಗುರ ಸಾರಸು.”

ಹಾಗಾಗಿ ಲ್ಯಾಪ್‌ಟಾಪೇ ಮಗ್ಗದ ಬಾಜುವಿಗೆ ಬಂತು. ಒಂದು ಸ್ಟೂಲಿನ ಮೇಲೆ, ನೂಲಿನ ಧೂಳು ಒಳಗೆ ಹೋಗದಂತೆ ಸೊಸೆಯ ಓಢಣಿ ಸುತ್ತಿಸಿಕೊಂಡು. ನಾನು ಅದರಲ್ಲಿ ಅವಳಿಗೊಂದು ಬೇರೆ ಖಾತೆ ಮಾಡಿಕೊಟ್ಟೆ. ತೆರೆದರೆ ಆ ಪ್ರೋಗ್ರಾಮು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದು ಅವಳ ಅನುಕೂಲಕ್ಕೆ ಎಂದು ಹೇಳಿದೆ. ನನ್ನ ಅನುಕೂಲವೂ ಅದರಲ್ಲಿತ್ತು. ಕಾಲೇಜಿಗೆ ಆ ವಾರಗಳಲ್ಲಿ ಲ್ಯಾಪ್‌ಟಾಪಿಲ್ಲದೆ ಹೋದೆ, ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದೆ. ಅಣ್ಣಿಗೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಭಾರವಿಲ್ಲದೆ, ಕರಿಮಣ್ಣಿನ ಹೊಲಗಳನ್ನು ನೋಡುತ್ತಾ ಹೋಗುವುದು ಹಿತವಾಗಿತ್ತು.

ಸಂಜೆ ಬಂದಾಗ ಪಂಜಾದ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಸೊಸೆ ಪರದೆಯಲ್ಲಿ ಒಂದು ಸಾಲು ನೋಡುವಳು, ಎಳೆ ಬಿಡಿಸುವಳು, ನೂಲು ತೂರಿಸುವಳು. ಚಾಚಿ ಹಿಂದೆ ಹಾಸಿಗೆಯ ಮೇಲೆ ಒರಗಿಕೊಂಡು, “ಬಿಗಿ ಆತು, ಸಡಲ ಬಿಡು,” ಎನ್ನುವರು. ಒಂದೊಂದು ಸಲ, ಸೊಸೆಯ ಕೈ ಆಡುವುದನ್ನು ನೋಡುತ್ತಾ ನೋಡುತ್ತಾ ಮುಂದಿನ ಬಣ್ಣ ಅವರ ಬಾಯಿಗೆ ತಾನೇ ಬಂದುಬಿಡುತ್ತಿತ್ತು. ಆಗ ಸೊಸೆ ಪರದೆ ನೋಡಿ, “ಹೌದ್ರಿ, ಅದ ಐತಿ,” ಎನ್ನುವಳು. ಇಬ್ಬರಿಗೂ ಸಮಾಧಾನ.

ನಡುವಿನ ಮನೆ ಮುಗಿದು, ಮೇಲಿನ ಕೈಯೂ ತುದಿ ಮುಟ್ಟಲು ಬಂದ ದಿನ ನಾನು ಅಲ್ಲಿಯೇ ಇದ್ದೆ. ಹೊರಗೆ ಕೆಮ್ಮಿದ ಸಪ್ಪಳವಾಯಿತು. ಸೊಸೆ ಬಾಗಿಲ ಕಡೆ ನೋಡಿ, ಓಢಣಿಯ ಸೆರಗನ್ನು ಲ್ಯಾಪ್‌ಟಾಪಿನ ಮೇಲೆ ಎಳೆದಳು. ಬಂದವರು ಚಾಚಿಯ ನೆಗೆಣ್ಣಿ.

“ಕೈ ಮುರಕೊಂಡಿ ಅಂತ ಕೇಳಿದೆ,” ಎಂದರು, ನಿಂತುಕೊಂಡೇ.

“ಕೇಳಾಕ ಇಷ್ಟ ದಿನಾ ಹಿಡೀತ?”

“ಕಾಲು ನೋವು ನಂದು.”

“ಕುಂದರ್ರಿ,” ಎಂದಳು ಸೊಸೆ. ಅವರು ಕೂಡಲಿಲ್ಲ. ಕೈಯನ್ನೂ ಹೆಚ್ಚು ನೋಡಲಿಲ್ಲ. ಮಗ್ಗದ ಮುಂದೆ ಹೋಗಿ ನಿಂತರು.

ಲ್ಯಾಪ್‌ಟಾಪಿನಲ್ಲಿ ಬಣ್ಣ ಸರಿಯಾಗಿ ಬಂದದ್ದು ನನಗೆ ಗೊತ್ತಿತ್ತು. ಚಾಚಿ “ಹಾಂ” ಎಂದದ್ದೂ ಗೊತ್ತಿತ್ತು. ಆದರೆ ಚಾಚಿ ಅಂದು ಹೇಳಿದ ಸುಳ್ಳು ಅಷ್ಟೇ ಇತ್ತೇ, ಇನ್ನೂ ಒಂದು ಉಳಿದಿದೆಯೇ, ಇದು ಅವರತ್ತೆಯ ಪಗಡಿಯೇ ಹೌದೇ ಎಂದು ಹೇಳಬಲ್ಲವರು ಊರಲ್ಲಿ ಈ ಹೆಂಗಸು ಒಬ್ಬರೇ. ಅವರು ಪದೇ ಪದೇ ತಲೆಯನ್ನು ಒಂದು ಕಡೆ ವಾಲಿಸಿ ನೋಡಿದರು. ಕೆಳಗಿನ ಕೈಯ ಕರಿ ಗೆರೆಯ ಮೇಲೆ ಬೆರಳಿಟ್ಟು ಮೇಲಿನವರೆಗೂ ಎಳೆದುಕೊಂಡು ಹೋದರು. ನಡುವಿನ ಮನೆಯ ಮೂಲೆಯಲ್ಲಿ ಬೆರಳು ನಿಂತಿತು. ಚಾಚಿ ಎದ್ದು ಕೂತರು.

“ಇಲ್ಲಿ ಒಂದು ಎಳಿ ಬಿಗಿ ಐತಿ.”

“ಅದನ್ನ ನಾ ಹೇಳೇನಿ ಆಕಿಗೆ,” ಎಂದರು ಚಾಚಿ.

“ಬಾಕಿ ಬರೋಬರಿ.” ಬೆರಳು ತೆಗೆದರು. “ಯಾರು ತುಂಬಿದ್ದು? ನಿನ್ನ ಕೈ ಅಂತೂ ಅಲ್ಲ.”

ಚಾಚಿ ತುಟಿ ಬಿಚ್ಚುವ ಮೊದಲೇ ಸೊಸೆ ಹಲಗೆಯ ಮೇಲಿಂದ, “ನಾನ್ರಿ,” ಎಂದಳು.

ನೆಗೆಣ್ಣಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಸಂಶಿಯಾಕಿ?” ಎಂದರು. “ಹಂಗಾರ ನಿಂದಾತು ಜಮಖಾನಿ,” ಎಂದು ಹೇಳಿ, ಚಾಚಿಯ ಕಡೆ ತಿರುಗಿ, “ಚಹಾ ಮಾಡಸ್ತಿಯೋ, ಹಂಗ ಹೋಗ್ಲೋ?” ಎಂದು ಕೂತರು.

ಚಹಾ ಮಾಡಲು ನಾನು ಒಳಗೆ ಹೋದೆ. ಸೊಸೆಯನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಒಲೆ ಹಚ್ಚಿ, ನೀರಿಟ್ಟೆ. ಹೊರಗೆ ಇಬ್ಬರು ನೆಗೆಣ್ಣಿಯರೂ ಉರ್ದುವಿನಲ್ಲಿ ಅತ್ತೆಯ ವಿಷಯ ಮಾತಾಡುತ್ತಿದ್ದರು, ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಾ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲು ಹಣಿಕಿ ಹಾಕಿದೆ. ಸೊಸೆ ಅವರ ಕಡೆ ಬೆನ್ನು ಮಾಡಿ, ಓಢಣಿಯ ಸಂದಿಯಿಂದ ಪರದೆಯನ್ನು ಸ್ವಲ್ಪವೇ ಇಣುಕಿ ನೋಡಿ, ಹಳದಿ ನೂಲಿನ ಉಂಡೆಯನ್ನು ಎತ್ತಿಕೊಳ್ಳುತ್ತಿದ್ದಳು.